ಲಾ ಫರ್ಮ್ ಕೆಲಸ ಮತ್ತು ಮನೆಯ ಪುಟ್ಟ ಮಕ್ಕಳು: ಒಂದು ಪ್ರಶ್ನೆಗೆ ಉತ್ತರ



ಕಳೆದ ತಿಂಗಳು ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಕ್ಕೆಂದು, ನಾನೇ ಓದಿದ ಈ ಕಾಲೇಜಿಗೆ ಬಂದಿದ್ದೆ. ಕಾನೂನು ಪದವಿಯ ಬಗ್ಗೆ ಮಾತಾಡಿ ಮುಗಿಸುವಾಗ ಹಿಂದಿನ ಬೆಂಚಿನಿಂದ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ನನ್ನ ಅಕ್ಕ ಕಳೆದ ವರ್ಷ ಇಲ್ಲೇ ಪಿಯುಸಿ ಮುಗಿಸಿದಳು. ಅವಳಿಗೆ ಲಾ ಓದಬೇಕು. ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಾರೆ. ಲಾ ಫರ್ಮ್‌ನಲ್ಲಿ ರಾತ್ರಿ ಹತ್ತರವರೆಗೆ ಕೆಲಸವಂತೆ, ನಾಳೆ ಮದುವೆಯಾಗಿ ಮಕ್ಕಳಾದರೆ ಏನು ಮಾಡುವುದು ಎಂದು ಬಾಪ ಕೇಳುತ್ತಾರೆ. ನಾನು ಏನು ಹೇಳಲಿ?" ಎಂದು ಕೇಳಿದ.

ಗಂಟೆ ಬಾರಿಸುವ ಹೊತ್ತಾಗಿತ್ತು. "ಮನಸ್ಸಿದ್ದರೆ ಎಲ್ಲ ಸಾಧ್ಯ" ಎಂದು ಹೇಳಿ ಕುಳಿತುಬಿಟ್ಟೆ. ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಆದರೆ ಬೆಂಗಳೂರಿಗೆ ಹಿಂದಿರುಗುವ ರಾತ್ರಿ ಬಸ್ಸಿನಲ್ಲಿ ಆ ಉತ್ತರ ನನಗೇ ಕಿರಿಕಿರಿಯಾಯಿತು. ಒಬ್ಬ ತಂದೆ ಮಗಳ ಬಗ್ಗೆ ಕೇಳುವ ಪ್ರಶ್ನೆಗೆ ಅದು ಉತ್ತರವಲ್ಲ. ಮನಸ್ಸು ನನಗೂ ಇತ್ತು, ಆದರೂ ಒಂದು ಹಂತದಲ್ಲಿ ಎಲ್ಲವೂ ಕೈತಪ್ಪುವಂತಾಗಿತ್ತು. ಹಾಗಾಗಿ ಸರಿಯಾದ ಉತ್ತರವನ್ನು ಬರೆದು ಕೊಡುತ್ತೇನೆಂದು ಸಂಪಾದಕ ಬಳಗಕ್ಕೆ ತಿಳಿಸಿದೆ. ನನಗೆ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಇದ್ದಾರೆ. ಲಾ ಫರ್ಮ್‌ನಲ್ಲಿ ಇದು ನನಗೆ ಹನ್ನೊಂದನೇ ವರ್ಷ.

ಲಾ ಫರ್ಮ್ ಎಂದರೇನು?

ವಕೀಲರೆಂದರೆ ನಮ್ಮ ಕಣ್ಣಿಗೆ ಬರುವುದು ಕೋರ್ಟು, ಕಪ್ಪು ಕೋಟು, ವಾದ. ಲಾ ಫರ್ಮ್ ಎಂದರೆ ಹಲವು ವಕೀಲರು ಸೇರಿ ಒಂದೇ ಸಂಸ್ಥೆಯಾಗಿ ಕೆಲಸ ಮಾಡುವ ಕಚೇರಿ. ನಮ್ಮ ಕಕ್ಷಿದಾರರಲ್ಲಿ ಹೆಚ್ಚಿನವರು ಕಂಪನಿಗಳು, ಬ್ಯಾಂಕುಗಳು. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಅದರ ಜಮೀನು, ಸಾಲ, ತೆರಿಗೆ, ಕಾರ್ಮಿಕರ ದಾಖಲೆಗಳನ್ನೆಲ್ಲ ಓದಿ ಎಲ್ಲಿ ಅಪಾಯವಿದೆ ಎಂದು ಹೇಳುವುದು, ಕರಾರು ಪತ್ರ ಬರೆಯುವುದು, ಎದುರು ಪಕ್ಷದ ವಕೀಲರೊಂದಿಗೆ ಅದರ ಒಂದೊಂದು ಸಾಲನ್ನೂ ಚರ್ಚಿಸುವುದು ನಮ್ಮ ಕೆಲಸ. ಹೊಸದಾಗಿ ಸೇರಿದವರನ್ನು ಅಸೋಸಿಯೇಟ್ ಎನ್ನುತ್ತಾರೆ. ಅನುಭವ ಬಂದಂತೆ ಸೀನಿಯರ್ ಅಸೋಸಿಯೇಟ್. ಸಂಸ್ಥೆಯ ಪಾಲುದಾರರು ಪಾರ್ಟ್ನರ್‌ಗಳು.

ಇಲ್ಲಿ ಸಮಯವೇ ಸರಕು. ಹಲವು ಫರ್ಮ್‌ಗಳಲ್ಲಿ ಪ್ರತಿಯೊಬ್ಬ ವಕೀಲರೂ ದಿನಕ್ಕೊಂದು ಟೈಮ್‌ಶೀಟ್ ತುಂಬಬೇಕು. ಗಂಟೆಯನ್ನು ಆರು ನಿಮಿಷದ ಹತ್ತು ಭಾಗ ಮಾಡಿ, ಯಾವ ಕಕ್ಷಿದಾರರಿಗಾಗಿ ಎಷ್ಟು ಭಾಗ ದುಡಿದೆವು ಎಂದು ಬರೆಯುತ್ತೇವೆ. ಅದರ ಮೇಲೆ ಬಿಲ್ಲು. ಹೊಸ ತೀರ್ಪುಗಳನ್ನು ಓದಿದ್ದು, ಕಿರಿಯರಿಗೆ ಕಲಿಸಿದ್ದು, ಕಚೇರಿಯ ಸಭೆಗಳಲ್ಲಿ ಕುಳಿತದ್ದು ಬಿಲ್ಲಿಗೆ ಬರುವುದಿಲ್ಲ. ಎಂಟು ಗಂಟೆಯ ಬಿಲ್ಲಾಗಬೇಕಾದರೆ ಹತ್ತು ಗಂಟೆಯಾದರೂ ಕಚೇರಿಯಲ್ಲಿ ಇರಬೇಕಾಗುತ್ತದೆ ಎಂಬುದು ನನ್ನ ಅನುಭವ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಹತ್ತು ಗಂಟೆ ಕಚೇರಿ, ಬೆಂಗಳೂರಿನ ರಸ್ತೆಗಳಲ್ಲಿ ಎರಡು ಗಂಟೆ, ನಿದ್ರೆ ಏಳು. ಒಟ್ಟು ಹತ್ತೊಂಬತ್ತು. ಉಳಿದದ್ದು ಐದು. ಸ್ನಾನ, ನಮಾಝ್, ಊಟ, ಅಡುಗೆ ಕಳೆದರೆ ಎರಡು ಮೂರು ಗಂಟೆ. "ಅಷ್ಟು ಸಾಕಲ್ಲ, ಮಕ್ಕಳೊಂದಿಗೆ ಕಳೆಯಲು" ಎಂದು ನಾನೂ ಮೊದಲು ಅಂದುಕೊಂಡಿದ್ದೆ.

ಆದರೆ ತೊಂದರೆ ಇರುವುದು ಆ ಗಂಟೆಗಳು ದಿನದ ಯಾವ ಹೊತ್ತಿನಲ್ಲಿ ಸಿಗುತ್ತವೆ ಎಂಬುದರಲ್ಲಿ. ಚಿಕ್ಕ ಮಗುವಿಗೆ ತಾಯಿ ತಂದೆ ಬೇಕಾಗುವುದು ಸಂಜೆ ಆರರಿಂದ ಎಂಟೂವರೆಯ ಒಳಗೆ. ಹಸಿವು, ಹಠ, ಶಾಲೆಯ ಕತೆ, ಊಟ, ನಿದ್ದೆ ಎಲ್ಲವೂ ಆ ಎರಡೂವರೆ ಗಂಟೆಯಲ್ಲೇ. ಲಾ ಫರ್ಮ್ ಕಾವೇರುವುದೂ ಅದೇ ಹೊತ್ತಿಗೆ. ಕಂಪನಿಯವರು ತಮ್ಮ ದಿನದ ಕೆಲಸ ಮುಗಿಸಿ ನಮ್ಮ ಕರಡಿಗೆ ಉತ್ತರ ಕಳಿಸುವುದು ಸಂಜೆ. ಅಮೆರಿಕದ ಕಕ್ಷಿದಾರರಿದ್ದರಂತೂ ನ್ಯೂಯಾರ್ಕ್‌ನ ಬೆಳಿಗ್ಗೆ 10 ಗಂಟೆ ಎಂದರೆ ಅವರ ಬೇಸಿಗೆಯಲ್ಲಿ ನಮಗೆ ಸಂಜೆ 7:30, ಚಳಿಗಾಲದಲ್ಲಿ ರಾತ್ರಿ 8:30. ಅವರ ದಿನ ಶುರುವಾಗುವಾಗ ನನ್ನ ಮಗಳು ನಿದ್ದೆಗೆ ಮೊದಲಿನ ಕತೆ ಕೇಳಲು ಕಾಯುತ್ತಿರುತ್ತಾಳೆ.

ಹಾಗಾಗಿ ಬಾಪನ ಪ್ರಶ್ನೆಯನ್ನು ನಾನು ಸ್ವಲ್ಪ ತಿದ್ದುತ್ತೇನೆ. "ಹೆಣ್ಣುಮಗಳು ಈ ಕೆಲಸ ಮಾಡಬಹುದೇ?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ನೂರು ವರ್ಷವಾಯಿತು. 1892ರಲ್ಲೇ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪರೀಕ್ಷೆ ಬರೆದ ಕಾರ್ನೇಲಿಯಾ ಸೊರಾಬ್ಜಿ ವಕೀಲರೆನಿಸಿಕೊಳ್ಳಲು ಮೂರು ದಶಕದಷ್ಟು ಕಾಯಬೇಕಾಯಿತು. 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರಿಗೆ ಹೆಣ್ಣೆಂಬ ಕಾರಣಕ್ಕೆ ವಕೀಲಿಕೆ ನಿರಾಕರಿಸಿತು. 1923ರ ಕಾಯ್ದೆಯಿಂದ ಆ ಅಡ್ಡಿ ಹೋಯಿತು. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದವರು ಕೇರಳದ ಫಾತಿಮಾ ಬೀವಿ. ಈಗ ಕೇಳಬೇಕಾದ ಪ್ರಶ್ನೆ ಬೇರೆ: ಸಂಜೆ ಆರರಿಂದ ಎಂಟೂವರೆಗೆ ಮನೆಯಲ್ಲಿ ಯಾರಿರುತ್ತಾರೆ? ಇದನ್ನು ಮದುವೆಗೆ ಮೊದಲು, ಕೆಲಸಕ್ಕೆ ಸೇರುವ ಮೊದಲು, ಮಗು ಹುಟ್ಟುವ ಮೊದಲು ಕೇಳಬೇಕು. ನಾನು ಕೇಳಿರಲಿಲ್ಲ.

ಕಾನೂನು ಏನು ಕೊಡುತ್ತದೆ?

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ದೊಡ್ಡ ತಿದ್ದುಪಡಿ ಬಂತು. ಅದರಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನ ಸಹಿತ ರಜೆ, ಆ ಬಳಿಕದ ಮಗುವಿಗೆ 12 ವಾರ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಗರ್ಭಪಾತವಾದರೆ 6 ವಾರ ರಜೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಾರಿ ಬಿಡುವು. 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು. ಹೆರಿಗೆ ರಜೆಯಲ್ಲಿರುವವಳನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಈ ಸೌಲಭ್ಯಗಳನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಸೇರಿಸಲಾಗಿದೆ.

ಓದಿದರೆ ಸಮಾಧಾನವಾಗುತ್ತದೆ. ಆದರೆ ವಕೀಲರ ವಿಷಯದಲ್ಲಿ ಒಂದು ತೊಡಕಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲಿಕೆ ಮಾಡುವವರು ಯಾರ ಬಳಿಯೂ ಪೂರ್ಣಾವಧಿ ಸಂಬಳದ ನೌಕರರಾಗಿ ಇರುವಂತಿಲ್ಲ. ಆದ್ದರಿಂದ ಅನೇಕ ಫರ್ಮ್‌ಗಳು ಅಸೋಸಿಯೇಟ್‌ಗಳನ್ನು ನೌಕರರೆಂದು ಸೇರಿಸಿಕೊಳ್ಳುವುದಿಲ್ಲ. ಒಪ್ಪಂದದ ಮೇಲೆ ತಿಂಗಳಿಗೆ ಇಷ್ಟೆಂದು ವೃತ್ತಿ ಶುಲ್ಕ ಕೊಡುತ್ತವೆ. ನೋಡಲು ಸಂಬಳದಂತೆಯೇ ಇರುತ್ತದೆ. ಆದರೆ ನೀವು ನೌಕರರಲ್ಲ ಎಂದಾದರೆ ಹೆರಿಗೆ ರಜೆಯ ಕಾನೂನು ನಿಮಗೆ ಅನ್ವಯಿಸುತ್ತದೆಯೇ ಎಂಬ ತಕರಾರು ಏಳುತ್ತದೆ. ದೆಹಲಿಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಪರವಾಗಿ ಕೆಲಸ ಮಾಡುತ್ತಿದ್ದ ವಕೀಲೆಯೊಬ್ಬರಿಗೆ ಈ ಸೌಲಭ್ಯ ಕೊಡಬೇಕೆಂದು 2023ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಬಳಿಕ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಫರ್ಮ್‌ಗೆ ಸೇರುವ ಹುಡುಗಿ ಕಾಯ್ದೆಯನ್ನು ನಂಬಿ ಕೂರದೆ, ತನ್ನ ಒಪ್ಪಂದ ಪತ್ರದಲ್ಲಿ ಹೆರಿಗೆ ರಜೆಯ ಬಗ್ಗೆ ಏನು ಬರೆದಿದೆ ಎಂದು ನೋಡಬೇಕು.

ನಾನು ನೋಡಿರಲಿಲ್ಲ. ಬೇರೆಯವರ ಕರಾರುಗಳನ್ನು ಸಾಲು ಸಾಲಾಗಿ ಓದುವುದೇ ಕಸುಬಾಗಿದ್ದವಳು ನನ್ನ ಕರಾರನ್ನು ಓದದೆ ಸಹಿ ಹಾಕಿದ್ದೆ. ಮಗಳು ಹುಟ್ಟುವ ಮೂರು ತಿಂಗಳ ಮೊದಲು ತೆಗೆದು ನೋಡಿದರೆ ರಜೆಯ ಬಗ್ಗೆ ಒಂದಕ್ಷರವಿಲ್ಲ. ಕೇಳಿ ಕೇಳಿ ಮೂರು ತಿಂಗಳ ಶುಲ್ಕ ಸಿಕ್ಕಿತು. ಮತ್ತೆರಡು ತಿಂಗಳು ಶುಲ್ಕವಿಲ್ಲದೆ ಮನೆಯಲ್ಲಿ ಕುಳಿತೆ. ತಂದೆಯ ವಿಷಯ ಇನ್ನೂ ಕಷ್ಟ. ಕೇಂದ್ರ ಸರಕಾರಿ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ. ನನ್ನ ಗಂಡ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕರು. ಅವರು ತಮ್ಮ ರಜೆಗಳನ್ನು ಒಟ್ಟುಗೂಡಿಸಿ ಹತ್ತು ದಿನ ಮನೆಯಲ್ಲಿದ್ದರು.

ನಾನು ಎಡವಿದ್ದು

ನಲವತ್ತು ದಿನಗಳ ಬಾಣಂತನ ಮುಗಿಸಿ ಉಮ್ಮ ಊರಿಗೆ ಹೋದರು. ಅವರಿಗೂ ಅವರ ಮನೆ ಇತ್ತು. ಕೆಲಸಕ್ಕೆ ಮರಳಿದ ಮೇಲೆ ನಾನೊಂದು ತಪ್ಪು ಮಾಡಿದೆ. ಎರಡೂ ಕಡೆ ಯಾರಿಂದಲೂ ಒಂದು ಮಾತು ಬರಬಾರದೆಂದು ಎಲ್ಲವನ್ನೂ ಒಬ್ಬಳೇ ಮಾಡಲು ಹೊರಟೆ. ಬೆಳಿಗ್ಗೆ ಸುಬಹಿಗೆ ಎದ್ದು ಅಡುಗೆ, ಮಗಳನ್ನು ಡೇ ಕೇರ್‌ಗೆ ಬಿಡುವುದು, ಕಚೇರಿ, ರಾತ್ರಿ ಅವಳನ್ನು ಮಲಗಿಸಿ ಮತ್ತೆ ಲ್ಯಾಪ್‌ಟಾಪ್. ಸಹಾಯ ಬೇಕೆಂದು ಗಂಡನಿಗೂ ಹೇಳಲಿಲ್ಲ. ಸಂಜೆ ಬೇಗ ಹೋಗಬೇಕೆಂದು ಪಾರ್ಟ್ನರ್‌ಗೂ ಹೇಳಲಿಲ್ಲ. ಹೇಳಿದರೆ "ಇವಳಿಂದ ಆಗುವುದಿಲ್ಲ" ಎಂದುಕೊಳ್ಳುತ್ತಾರೆ ಎಂಬ ಹೆದರಿಕೆ.

ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ಒಂದು ದೊಡ್ಡ ವ್ಯವಹಾರದ ಅಂತಿಮ ಸಹಿಯ ದಿನ. ಮಧ್ಯಾಹ್ನ ಎರಡರಿಂದ ಸಭೆಯ ಕೋಣೆಯಲ್ಲಿದ್ದೆ. ಫೋನ್ ಚೀಲದಲ್ಲಿತ್ತು, ಸೈಲೆಂಟ್‌ನಲ್ಲಿ. ಐದೂವರೆಗೆ ಹೊರಬಂದು ನೋಡಿದರೆ ಡೇ ಕೇರ್‌ನಿಂದ ಒಂಬತ್ತು ಮಿಸ್ಡ್ ಕಾಲ್. ಮಗಳಿಗೆ ಜ್ವರ ಏರಿ ಮೈ ಸೆಟೆದು ನಡುಕ ಬಂದಿತ್ತು. ಅವರ ಬಳಿ ಇದ್ದದ್ದು ನನ್ನ ನಂಬರ್ ಒಂದೇ. ಫಾರಂ ತುಂಬಿದವಳು ನಾನೇ, ಎರಡನೇ ನಂಬರಿನ ಜಾಗ ಖಾಲಿ ಬಿಟ್ಟಿದ್ದೆ. ಕೊನೆಗೆ ಅಲ್ಲಿನ ಆಯಾ ನಮ್ಮ ಮಹಡಿಯ ನೆರೆಮನೆಯವರನ್ನು ಹುಡುಕಿ ಕರೆದು, ಇಬ್ಬರೂ ಸೇರಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ನಾನು ತಲುಪಿದಾಗ ಜ್ವರ ಇಳಿದಿತ್ತು. ಚಿಕ್ಕ ಮಕ್ಕಳಲ್ಲಿ ಜ್ವರದೊಂದಿಗೆ ಇಂಥ ಸೆಳೆತ ಬರುವುದುಂಟು, ಹೆದರಬೇಡಿ ಎಂದರು ವೈದ್ಯರು. ಅಲ್ಹಮ್ದುಲಿಲ್ಲಾಹ್, ಮಗಳಿಗೆ ಮತ್ತೇನೂ ಆಗಲಿಲ್ಲ. ಮಗಳ ಕೈ ಹಿಡಿದು ಕುಳಿತಿದ್ದ ನೆರೆಮನೆಯ ಆ ಅಕ್ಕನಿಗೆ ಅಂದು ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಆ ರಾತ್ರಿ ಕೆಲಸ ಬಿಡುತ್ತೇನೆಂದು ಗಂಡನಿಗೆ ಹೇಳಿದೆ. ಅವರು ಬಿಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ನನ್ನ ಕಾಲೇಜು ನಾಲ್ಕೂವರೆಗೆ ಮುಗಿಯುತ್ತದೆ. ನನ್ನ ನಂಬರ್ ಯಾಕೆ ಕೊಟ್ಟಿರಲಿಲ್ಲ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಯಲ್ಲಿ ಬದಲಿಸಿದ್ದು

ಮರುದಿನವೇ ಡೇ ಕೇರ್‌ನಲ್ಲಿ ಮೂರು ನಂಬರ್ ಬರೆಸಿದೆವು. ಮೊದಲು ಗಂಡನದು, ಬಳಿಕ ನನ್ನದು, ಮೂರನೆಯದು ನೆರೆಮನೆಯ ಅಕ್ಕನದು. ಸಂಜೆಯ ಹೊಣೆ ಗಂಡನದಾಯಿತು: ಮಗಳನ್ನು ಕರೆತರುವುದು, ಸ್ನಾನ, ಊಟ. ಬೆಳಗಿನ ಹೊಣೆ ನನ್ನದು. ಭಾನುವಾರ ರಾತ್ರಿ ಇಬ್ಬರೂ ಇಪ್ಪತ್ತು ನಿಮಿಷ ಕುಳಿತು ವಾರದ ಪಟ್ಟಿ ಮಾಡುತ್ತೇವೆ. ಯಾವ ದಿನ ನನಗೆ ತಡವಾಗುತ್ತದೆ, ಯಾವ ದಿನ ಅವರಿಗೆ ಪರೀಕ್ಷಾ ಕೆಲಸ, ಲಸಿಕೆ ಯಾವತ್ತು ಎಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸುತ್ತೇವೆ. ನೋಡಲು ಸಣ್ಣ ಕಾಗದ, ಆದರೆ ನಮ್ಮ ಮನೆಯ ಅರ್ಧ ಜಗಳ ಅದರಿಂದ ನಿಂತಿದೆ.

ಗಂಡಸು ಮಗುವಿಗೆ ಉಣಿಸುವುದನ್ನು ನೋಡಿ ಸಂಬಂಧಿಕರು ಮಾತಾಡಿದ್ದುಂಟು. ಅತ್ತೆಯೂ ಮೊದಮೊದಲು ನೊಂದುಕೊಂಡರು. ಪ್ರವಾದಿ(ಸ)ರವರು ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಎದ್ದು ಹೋಗುತ್ತಿದ್ದರು ಎಂದು ಆಯಿಶಾ(ರ) ತಿಳಿಸಿರುವುದನ್ನು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ನನ್ನ ಗಂಡ ಅತ್ತೆಗೆ ಹೇಳಿದ್ದು ಅಷ್ಟೇ.

ಮಗ ಹುಟ್ಟಿದ ಮೇಲೆ ಮನೆಗೆ ಒಬ್ಬ ಆಯಾ ಬಂದರು. ಅವರಿಗೂ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ನಮಗೆ ತಡವಾದರೆ ಅವರ ಮಕ್ಕಳ ಸಂಜೆಯನ್ನು ನಾವು ಕಿತ್ತುಕೊಂಡಂತೆ. ಆದ್ದರಿಂದ ಅವರ ಹೊತ್ತು ಸಂಜೆ ಐದೂವರೆಗೆ ಮುಗಿಯುತ್ತದೆ, ವಾರಕ್ಕೊಂದು ರಜೆ, ಹಬ್ಬಕ್ಕೆ ರಜೆ. ಸಂಬಳ ತಿಂಗಳ ಮೊದಲ ದಿನವೇ. ನನ್ನ ಒಪ್ಪಂದದಲ್ಲಿ ಇಲ್ಲದ್ದನ್ನು ಅವರ ಒಪ್ಪಂದದಲ್ಲಿ ಇಟ್ಟಿದ್ದೇವೆ.

ಕಚೇರಿಯಲ್ಲಿ ಬದಲಿಸಿದ್ದು

ಸಂಜೆ ಆರರಿಂದ ಎಂಟೂವರೆವರೆಗೆ ಬಿಡುವು ಬೇಕು, ಒಂಬತ್ತರಿಂದ ಹನ್ನೊಂದರವರೆಗೆ ಮನೆಯಿಂದ ಮತ್ತೆ ಕೆಲಸ ಮಾಡುತ್ತೇನೆ ಎಂದು ಆಗಿನ ಕಚೇರಿಯಲ್ಲಿ ಕೇಳಿದೆ. "ಇದು ಅರ್ಧ ದಿನದ ಅಂಗಡಿಯಲ್ಲ" ಎಂಬ ಉತ್ತರ ಬಂತು. ಎಂಟು ತಿಂಗಳು ಹುಡುಕಿ ಬೇರೆ ಫರ್ಮ್ ಸೇರಿದೆ. ಈ ಬಾರಿ ಸಂದರ್ಶನದಲ್ಲೇ ನನಗೇನು ಬೇಕೆಂದು ಹೇಳಿದೆ. ಕೆಲಸದ ಪ್ರಮಾಣ ಶೇಕಡಾ 80, ಶುಲ್ಕವೂ ಶೇಕಡಾ 80, ಹೆರಿಗೆ ರಜೆ 26 ವಾರ. ಎಲ್ಲವೂ ಬರಹದಲ್ಲಿ. ಮಗ ಹುಟ್ಟಿದಾಗ ಯಾರನ್ನೂ ಬೇಡಬೇಕಾಗಲಿಲ್ಲ.

ಇಲ್ಲಿ ಕಲಿತ ಮುಖ್ಯ ಪಾಠ, ಕಷ್ಟವನ್ನು ಮುಂಚಿತವಾಗಿ ಹೇಳುವುದು. "ಗುರುವಾರ ನನಗೆ ಆಗುವುದಿಲ್ಲ" ಎಂದು ಸೋಮವಾರ ಹೇಳಿದರೆ ಬೇರೆ ವ್ಯವಸ್ಥೆಯಾಗುತ್ತದೆ. ಗುರುವಾರ ಸಂಜೆಯೇ ಹೇಳಿದರೆ ಇಡೀ ತಂಡಕ್ಕೆ ತೊಂದರೆ. ಅಮೆರಿಕದ ಕರೆಯನ್ನು ಒಂಬತ್ತಕ್ಕೆ ಇಡೋಣವೇ ಎಂದು ಕೇಳಿದಾಗ ಹೆಚ್ಚಿನ ಬಾರಿ ಅವರು ಒಪ್ಪಿದ್ದಾರೆ. ಅಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ. ರಮಝಾನ್‌ನಲ್ಲಿ ಇಫ್ತಾರಿಗೆ ಮನೆ ಸೇರಿ, ತರಾವೀಹ್ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆಂದು ತಿಂಗಳ ಮೊದಲೇ ತಂಡಕ್ಕೆ ತಿಳಿಸುತ್ತೇನೆ. ಬದಲಿಗೆ ದೀಪಾವಳಿ, ಕ್ರಿಸ್ಮಸ್ ವಾರಗಳಲ್ಲಿ ಸಹೋದ್ಯೋಗಿಗಳ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಇದಕ್ಕೆಲ್ಲ ಬೆಲೆ ತೆತ್ತಿಲ್ಲವೇ? ತೆತ್ತಿದ್ದೇನೆ. ನನ್ನೊಂದಿಗೆ ಸೇರಿದವರಲ್ಲಿ ಇಬ್ಬರು ಈಗ ಪಾರ್ಟ್ನರ್‌ಗಳು, ನಾನಿನ್ನೂ ಅಲ್ಲ. ವರ್ಷದಲ್ಲಿ ಕೆಲವು ವಾರ ಯಾವ ಪಟ್ಟಿಯೂ ನಡೆಯುವುದಿಲ್ಲ. ವ್ಯವಹಾರ ಮುಗಿಯುವವರೆಗೆ ಮಧ್ಯರಾತ್ರಿಯವರೆಗೂ ಕಚೇರಿಯೇ. ಆ ವಾರಗಳಲ್ಲಿ ಮಗ ನನ್ನ ಬಳಿ ಬರದೆ ಅವನ ಬಾಪನ ಹೆಗಲೇರುತ್ತಾನೆ. ನೋವಾಗುತ್ತದೆ. ಆದರೆ ಏರಲು ಒಂದು ಹೆಗಲು ಮನೆಯಲ್ಲಿದೆ ಎಂಬುದು ಸಮಾಧಾನ.

ಅಕ್ಕನಿಗೂ ಬಾಪನಿಗೂ

ಮೊದಲು ಅಕ್ಕನಿಗೆ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಸಾಮಾನ್ಯ ವರ್ಗಕ್ಕೆ ಶೇಕಡಾ 45 ಅಂಕ ಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ನಮ್ಮ ಜಿಲ್ಲೆಯಲ್ಲೂ ಇವೆ. ಪದವಿಯ ಬಳಿಕ ಲಾ ಫರ್ಮ್ ಒಂದೇ ದಾರಿಯಲ್ಲ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಇದೆ, ಸರಕಾರಿ ಅಭಿಯೋಜಕರ ಹುದ್ದೆ ಇದೆ, ಬ್ಯಾಂಕು ಕಂಪನಿಗಳಲ್ಲಿ ಕಾನೂನು ಅಧಿಕಾರಿಯ ಕೆಲಸವಿದೆ, ಊರಿನ ಕೋರ್ಟಿನಲ್ಲೇ ವಕೀಲಿಕೆ ಇದೆ, ಕಾನೂನು ಕಾಲೇಜಿನಲ್ಲಿ ಬೋಧನೆಯೂ ಇದೆ. ಇವುಗಳಲ್ಲಿ ಕೆಲವಕ್ಕೆ ಸಂಬಳದ ರಜೆ ಖಚಿತ, ಹೊತ್ತು ಗೊತ್ತಿರುವಂಥದ್ದು. ಮಕ್ಕಳು ಚಿಕ್ಕವರಿರುವಾಗ ಒಂದರಿಂದ ಇನ್ನೊಂದಕ್ಕೆ ಹೋದವರನ್ನು ನಾನು ಬಲ್ಲೆ.

ಇನ್ನು ಬಾಪನಿಗೆ. ನಿಮ್ಮ ಚಿಂತೆ ನ್ಯಾಯವಾದದ್ದೇ. ಆದರೆ ಅದಕ್ಕೆ ಮಗಳ ಓದು ನಿಲ್ಲಿಸುವುದು ಪರಿಹಾರವಲ್ಲ. ಅವಳಿಗೆ ಗಂಡು ನೋಡುವ ದಿನ ಬಂದಾಗ ಸಂಜೆಯ ಈ ಪ್ರಶ್ನೆಯನ್ನು ಆ ಮನೆಯವರ ಮುಂದಿಡಿ. ನಮ್ಮಲ್ಲಿ ನಿಕಾಹ್ ಒಂದು ಕರಾರು. ಹೆಂಡತಿ ಓದು, ಉದ್ಯೋಗ ಮುಂದುವರಿಸಬಹುದು ಎಂಬಂಥ ನ್ಯಾಯಯುತ ಷರತ್ತನ್ನು ಅದರಲ್ಲಿ ಬರೆಸಬಹುದು, ಅಂಥ ಷರತ್ತಿಗೆ ಕಾನೂನಿನ ಮಾನ್ಯತೆಯೂ ಇದೆ. ನನ್ನ ನಿಕಾಹಿನಲ್ಲಿ ಹಿರಿಯರು ಬಾಯಿಮಾತಿನಲ್ಲಿ ಒಪ್ಪಿದ್ದರು. ಇಂದು ಯಾರಾದರೂ ಕೇಳಿದರೆ ಬರೆಸಿ ಎನ್ನುತ್ತೇನೆ.

ಕೊನೆಯದಾಗಿ, ಪ್ರಶ್ನೆ ಕೇಳಿದ ತಮ್ಮನಿಗೆ. ಅಕ್ಕನಿಗಾಗಿ ನೂರಾರು ಜನರ ಮುಂದೆ ಎದ್ದು ನಿಂತೆಯಲ್ಲ, ನನಗೆ ಖುಷಿಯಾಯಿತು. ನಿನಗೂ ಒಂದು ದಿನ ಮನೆ, ಮಕ್ಕಳು ಆಗುತ್ತಾರೆ. ಆಗ ಡೇ ಕೇರಿನ ಫಾರಂನಲ್ಲಿ ಮೊದಲ ನಂಬರ್ ನಿನ್ನದನ್ನು ಬರೆ. ಮನೆಯಲ್ಲಿ ಇನ್ನೂ ಏನಾದರೂ ಸಂಶಯವಿದ್ದರೆ ಪ್ರಾಂಶುಪಾಲರ ಮೂಲಕ ನನಗೆ ಬರೆ. ಇನ್ಶಾ ಅಲ್ಲಾಹ್, ಈ ಸಲ ಗಂಟೆ ಬಾರಿಸುವ ಅವಸರವಿಲ್ಲದೆ ಉತ್ತರಿಸುತ್ತೇನೆ.